ಕೊನೆಯ ಸುತ್ತಿನ ಟೀ

ನಮ್ಮ ಪಕ್ಕದ ಕೋಣೆಯ ಟೀ ಅಕ್ಕ ಕೆಲಸ ಮಾಡುವುದು ಐದು ಅಂತಸ್ತಿನ ಒಂದು ಆಫೀಸಿನಲ್ಲಿ. ಅಲ್ಲಿ ಅವಳ ಹೆಸರು ಯಾರಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಯಾರಿಗೂ ಬಿದ್ದಿಲ್ಲ. "ಟೀ ಅಕ್ಕ, ಇಲ್ಲೊಂದು" ಎಂದರೆ ಸಾಕು, ಲೋಟಗಳ ತಟ್ಟೆ ಹಿಡಿದು ಬರುತ್ತಾಳೆ. ನನಗಿಂತ ಹತ್ತು ವರ್ಷ ಚಿಕ್ಕವಳಾದರೂ ನಾನೂ ಹಾಗೇ ಕರೆಯುತ್ತೇನೆ. ಅವಳು ನನ್ನನ್ನು ಇಸ್ತ್ರಿ ಅಕ್ಕ ಎನ್ನುತ್ತಾಳೆ. ಇಬ್ಬರೂ ಅಕ್ಕಂದಿರಾದರೆ ತಂಗಿ ಯಾರು ಎಂದು ನಾನು ಅವಳನ್ನು ರೇಗಿಸುವುದುಂಟು.

ನಮ್ಮ ಕಟ್ಟಡದಲ್ಲಿ ಎಲ್ಲವೂ ಒಂದೊಂದೇ ಕೋಣೆಯ ಮನೆಗಳು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ನನ್ನ ಇಸ್ತ್ರಿ ಮೇಜು. ಹೋಗುವವರು ಬರುವವರು ಎಲ್ಲರೂ ನನ್ನ ಮುಂದೆಯೇ ಹಾಯಬೇಕು. ಯಾರ ಮನೆಗೆ ಏನು ಬಂತು, ಏನು ಬರಲಿಲ್ಲ ಎಂದು ನಾನು ಬಾಯಿಬಿಟ್ಟು ಕೇಳುವುದಿಲ್ಲ, ಅವರ ಕೈಚೀಲವೇ ಹೇಳುತ್ತದೆ. ಟೀ ಅಕ್ಕನ ಚೀಲದಲ್ಲಿ ಸಂಬಳವಾದ ಹೊಸದರಲ್ಲಿ ಬೇಳೆ, ಸೊಪ್ಪು, ಒಮ್ಮೊಮ್ಮೆ ನಾಲ್ಕು ಮೊಟ್ಟೆ ಇರುತ್ತವೆ. ಆಮೇಲೆ ಬರೀ ಅಕ್ಕಿ. ತಿಂಗಳ ಕೊನೆಗೆ ಚೀಲ ಮಡಚಿಕೊಂಡು ಅವಳ ಕಂಕುಳಲ್ಲಿರುತ್ತದೆ. ತಿಂಗಳಿಡೀ ತಪ್ಪದೆ ಬರುವುದು ಅವಳ ಕೈಯಲ್ಲಿನ ಫ್ಲಾಸ್ಕ್ ಮಾತ್ರ.

ಆ ಫ್ಲಾಸ್ಕಿನ ಕತೆ ಹೇಳಲೇಬೇಕು. ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸುತ್ತು ಟೀ. ಕೊನೆಯ ಸುತ್ತಿಗೆ ಹಾಲಿಡುವಾಗ ಅವಳ ಕೈ ಬೇಕೆಂದೇ ಸ್ವಲ್ಪ ಜಾರುತ್ತದೆ, ಮೂರು ನಾಲ್ಕು ಲೋಟ ಜಾಸ್ತಿಯಾಗುತ್ತದೆ. ಮಿಕ್ಕಿದ್ದನ್ನು ಚೆಲ್ಲಬೇಕು. ಅಲ್ಲಿನ ಸೂಪರ್‌ವೈಸರ್ ಒಂದು ಸಲ ಒಳ್ಳೆಯ ಮನಸ್ಸಿನಲ್ಲಿ, "ಚೆಲ್ಲೋ ಬದಲು ಮನೆಗಾದ್ರೂ ತಗೊಂಡ್ಹೋಗಮ್ಮ" ಎಂದಿದ್ದರಂತೆ. ಬಿಸ್ಕತ್ತಿಗೆ ಲೆಕ್ಕ ಉಂಟು, ಸಕ್ಕರೆ ಡಬ್ಬಿಗೆ ಬೀಗ ಉಂಟು, ಊಟದ ಡಬ್ಬಿಗಳು ಹೊರಗಿನಿಂದ ಬಂದು ಹೊರಗೇ ಹೋಗುತ್ತವೆ. ಚೆಲ್ಲುವ ಟೀಗೆ ಮಾತ್ರ ಹೇಳುವವರು ಕೇಳುವವರು ಇಲ್ಲ.

"ಗಟ್ಟಿ ಹಾಲು ಹಾಕಿದ ಟೀ, ಅಕ್ಕ. ಈ ಬಿಲ್ಡಿಂಗಲ್ಲಿ ಎಷ್ಟು ಮಕ್ಕಳು ಕುಡೀತಾರೆ ಹೇಳಿ ನೋಡೋಣ" ಎಂದು ಅವಳು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ನಾನೂ ಹೌದು ಹೌದು ಎನ್ನುತ್ತಿದ್ದೆ. ಜಂಬಪಡಲು ಅವಳಿಗೆ ಬೇರೆ ಏನೂ ಇರಲಿಲ್ಲ.

ಅವಳ ಗಂಡ ಪೇಂಟರ್. ದೊಡ್ಡ ಕಟ್ಟಡಗಳ ಹೊರಗೋಡೆಗೆ, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ನಿಂತು ಬಣ್ಣ ಬಳಿಯುತ್ತಾನೆ. ಕೆಲಸ ಇದ್ದಾಗ ಉಂಟು, ಇಲ್ಲದಾಗ ಇಲ್ಲ. ಕುಡಿಯುವವನಲ್ಲ, ಹೊಡೆಯುವವನಲ್ಲ, ಬಯ್ಯೋಣವೆಂದರೆ ನನಗೂ ಒಂದು ಕಾರಣ ಸಿಕ್ಕಿಲ್ಲ. ಅವನ ಜೊತೆಯವನೊಬ್ಬ ಬೆಳಗ್ಗೆ ಏನೂ ತಿನ್ನದೆ ಹಲಗೆ ಹತ್ತಿ, ತಲೆ ತಿರುಗಿ ಕೆಳಗೆ ಬಿದ್ದು ಸತ್ತ. ಅವತ್ತಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ. ಎತ್ತರ ಹತ್ತುವವರು ಮೊದಲು ಉಣ್ಣಬೇಕು. ಆಮೇಲೆ ಚಿಕ್ಕವನಾದ ಮಗ ಪುಟ್ಟ. ಆಮೇಲೆ ತಟ್ಟೆ ಹೊತ್ತು ಐದು ಅಂತಸ್ತು ತಿರುಗುವ ಟೀ ಅಕ್ಕ. ಕೊನೆಗೆ ಮಗಳು. ಅವಳಿಗೆ ಹದಿನಾಲ್ಕು. ದೊಡ್ಡ ಹುಡುಗಿ, ತಡೆದುಕೊಳ್ಳುತ್ತಾಳೆ ಎಂದು ಲೆಕ್ಕ. ಶಾಲೆಯಲ್ಲೂ ಅದೇ ಲೆಕ್ಕ. ಪುಟ್ಟನಂಥ ಚಿಕ್ಕ ತರಗತಿಯವರಿಗೆ ಮಧ್ಯಾಹ್ನ ಊಟ ಕೊಡುತ್ತಿದ್ದರು, ದೊಡ್ಡ ತರಗತಿಯವರಿಗೆ ಆಗಿನ್ನೂ ಇರಲಿಲ್ಲ. ದೊಡ್ಡವರಾದಂತೆ ಹಸಿವು ಕಡಿಮೆಯಾಗುತ್ತದೆ ಎಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನನ್ನು ಒಂದು ವಾರ ನನ್ನ ಮೇಜಿನ ಮುಂದೆ ಕೂರಿಸಿ ಆ ಹುಡುಗಿಯ ಮುಖ ತೋರಿಸಬೇಕೆಂದು ನನಗೆ ಆಸೆ.

ನಮ್ಮಿಬ್ಬರ ಕೋಣೆಗಳ ನಡುವೆ ಇರುವುದು ಗೋಡೆಯಲ್ಲ, ಪ್ಲೈವುಡ್. ಊಟದ ಹೊತ್ತಿಗೆ ಟೀ ಅಕ್ಕನ ದನಿ ಬೇಕೆಂದೇ ಏರುತ್ತಿತ್ತು. "ಸಾಕಾ? ಇನ್ನೊಂಚೂರು ಹಾಕ್ಲಾ?" ಮಕ್ಕಳು ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ. ಪಾತ್ರೆಯ ತಳ ಕೆರೆದ ಸದ್ದು ಮಾತ್ರ ಕೇಳುತ್ತಿತ್ತು. ಆ ಮಾತು ಮಕ್ಕಳಿಗಲ್ಲ, ಪ್ಲೈವುಡ್ಡಿನ ಈಚೆ ಕೂತ ನನಗೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಒಂದು ಸಲ ತಡೆಯಲಾರದೆ ಹುಡುಗಿಗೆಂದು ಬೇಯಿಸಿದ ಮೊಟ್ಟೆ ಕೊಟ್ಟು ಕಳಿಸಿದೆ. ಸಂಜೆ ಅದೇ ಬಟ್ಟಲಿನ ತುಂಬ ಟೀ ಬಂತು. ಖಾಲಿ ಬಟ್ಟಲು ಹಿಂತಿರುಗಿಸುವುದು ಅವಳ ಜಾಯಮಾನದಲ್ಲೇ ಇಲ್ಲ. ದಿನಾ ಒಂದು ಮೊಟ್ಟೆ ಕೊಡುವ ಶಕ್ತಿ ನನಗೂ ಇರಲಿಲ್ಲ, ಅದನ್ನು ಹೇಳಿಬಿಡುವುದೇ ಒಳ್ಳೆಯದು.

ಹುಡುಗಿಯನ್ನು ಎಲ್ಲರೂ ಚಿಗರೆ ಎನ್ನುತ್ತಿದ್ದರು. ಓಡಲು ನಿಂತರೆ ಬೀದಿಯಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಕಂಬಿ ಹಿಡಿದುಕೊಳ್ಳುತ್ತಿದ್ದಳು. ಬೇಸಿಗೆಯಲ್ಲೂ ಅವಳ ಕೈ ತಣ್ಣಗೆ. ಶಾಲೆ ಬಿಟ್ಟು ಬಂದವಳೇ ನನ್ನ ಇಸ್ತ್ರಿಪೆಟ್ಟಿಗೆಯ ಹತ್ತಿರ ಅಂಗೈ ಹಿಡಿದು ನಿಲ್ಲುತ್ತಿದ್ದಳು.

"ಕೈ ಸುಟ್ಕೊಂಡೀಯ, ದೂರ ನಿಲ್ಲೇ."

"ಸ್ವಲ್ಪ ಹೊತ್ತು ದೊಡ್ಡಮ್ಮ. ಹಿತವಾಗಿದೆ."

ಆಗೊಂದು ವಿಚಿತ್ರ ಕಂಡೆ. ಬಟ್ಟೆಗೆ ಹಾಕುವ ಗಂಜಿಪುಡಿಯನ್ನು ನಾನು ಮೇಜಿನ ಕೆಳಗೆ ಡಬ್ಬದಲ್ಲಿ ಇಡುತ್ತೇನೆ. ಅದು ಬೇಗ ಬೇಗ ಇಳಿಯತೊಡಗಿತು. ಇಲಿಯ ಕಾಟ ಎಂದುಕೊಂಡರೆ, ಒಂದು ದಿನ ಇಲಿಯ ತುಟಿಯ ಸುತ್ತ ಬಿಳಿ ಹತ್ತಿತ್ತು, ಮೈಮೇಲೆ ಸ್ಕೂಲ್ ಯೂನಿಫಾರ್ಮ್ ಇತ್ತು. "ಹಸಿವಾದ್ರೆ ಕೇಳಬಾರದೇನೇ, ಅದನ್ನ ಯಾರಾದ್ರೂ ತಿಂತಾರಾ?" ಎಂದೆ. "ಹಸಿವಿಗಲ್ಲ ದೊಡ್ಡಮ್ಮ. ಯಾಕೋ ಬಾಯಿ ಕೇಳುತ್ತೆ. ಸ್ಕೂಲಲ್ಲಿ ಚಾಕ್‌ಪೀಸೂ ತಿಂತೀನಿ" ಎಂದು ತಲೆ ತಗ್ಗಿಸಿ ನಕ್ಕಳು. ಅವರಮ್ಮನಿಗೆ ಹೇಳಿದೆ. ಅವಳೂ ನಕ್ಕಳು. ಮಕ್ಕಳ ಚಪಲ ಎಂದು ಇಬ್ಬರೂ ಬಿಟ್ಟೆವು.

ಶಾಲೆಯ ಡ್ರಿಲ್ ಮೇಷ್ಟ್ರು ಒಂದು ಸಂಜೆ ನಮ್ಮ ಮೆಟ್ಟಿಲ ಬಳಿಗೆ ಬಂದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಮೊದಲೇ ಟೀ ಅಕ್ಕನ ಜೊತೆ ಮಾತು ಶುರು ಮಾಡಿದರು.

"ಅಮ್ಮಾ, ನಿಮ್ಮ ಮಗಳನ್ನ ಕ್ರೀಡಾ ಹಾಸ್ಟೆಲ್‌ಗೆ ಕಳಿಸಿ. ಓದು ಅಲ್ಲೇ, ಓಟ ಅಲ್ಲೇ. ಮೂರು ಹೊತ್ತು ಊಟ. ಬೆಳಗ್ಗೆ ಮೊಟ್ಟೆ, ರಾತ್ರಿ ಹಾಲು. ನೀವು ಬಿಡಿಗಾಸೂ ಕೊಡಬೇಕಾಗಿಲ್ಲ."

"ಮೊಟ್ಟೆ ದಿನಾನಾ ಸರ್?" ಎಂದಳು ಟೀ ಅಕ್ಕ.

"ದಿನಾ."

ಮಗಳು ಪದಕ ಗೆಲ್ಲುವುದು, ಹೆಸರು ಮಾಡುವುದು ಯಾವುದೂ ಅವಳ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಮೇಷ್ಟ್ರು ಹೋದ ಮೇಲೂ "ದಿನಾ ಅಂತೆ ಅಕ್ಕ" ಎಂದು ನನಗೆ ಮತ್ತೆ ಮತ್ತೆ ಹೇಳಿದಳು.

ಆಯ್ಕೆಯ ಓಟದಲ್ಲಿ ಚಿಗರೆ ಎರಡನೆಯವಳಾಗಿ ಬಂದಳು. ಗೆರೆ ದಾಟಿದವಳು ಕುಕ್ಕರಿಸಿ ಬಹಳ ಹೊತ್ತು ಏಳಲಿಲ್ಲವಂತೆ. ಓಡಿದ ಸುಸ್ತು ಎಂದುಕೊಂಡರು. ಆಮೇಲೆ ಎಲ್ಲರಿಗೂ ಮಾಡುವಂತೆ ಅವಳಿಗೂ ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ ಹನ್ನೊಂದಾದರೂ ಇರಬೇಕಾದದ್ದು ಎಂಟು ಇತ್ತು. ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ಓಡಿದರೆ ಹೃದಯಕ್ಕೆ ಪೆಟ್ಟು, ಮೂರು ತಿಂಗಳು ಸೀಟು ಇಟ್ಟಿರುತ್ತೇವೆ, ಸರಿ ಮಾಡಿಕೊಂಡು ಬನ್ನಿ ಎಂದು ಅಲ್ಲಿಯ ಡಾಕ್ಟರು ಕಳಿಸಿದರು.

ನನಗೆ ಮೈಯೆಲ್ಲ ಉರಿಯಿತು. "ಅಲ್ಲ ಮೇಷ್ಟ್ರೇ, ಉಣ್ಣೋಕೆ ಗತಿ ಇಲ್ಲ ಅಂತಾನೇ ಅಲ್ವಾ ಅಲ್ಲಿಗೆ ಕಳಿಸ್ತಿರೋದು? ಚೆನ್ನಾಗಿ ಉಂಡು ಬಂದವರಿಗೆ ಮಾತ್ರ ಊಟ ಹಾಕ್ತೀವಿ ಅಂದ್ರೆ ಹೇಗೆ?" ಎಂದು ಕೇಳಿಯೇಬಿಟ್ಟೆ. ಡಾಕ್ಟರು ಹೇಳಿದ್ದು ಸುಳ್ಳಲ್ಲ, ನಾನು ಹೇಳಿದ್ದೂ ಸುಳ್ಳಲ್ಲ. ನಡುವೆ ಸಿಕ್ಕಿಕೊಂಡದ್ದು ಹುಡುಗಿ.

ಬೀದಿಯ ಕೊನೆಯ ಆಸ್ಪತ್ರೆಯಲ್ಲಿ ನರ್ಸಮ್ಮ ಕಬ್ಬಿಣದ ಅಂಶದ ಮಾತ್ರೆ ಕೊಟ್ಟಳು. "ಖಾಲಿ ಹೊಟ್ಟೇಲಿ ಬೇಡಮ್ಮ, ವಾಂತಿ ಬರುತ್ತೆ. ಹೊಟ್ಟೆಗೆ ಏನಾದ್ರೂ ಹಾಕಿ ಆಮೇಲೆ ಕೊಡಿ" ಎಂದಳು. ಟೀ ಅಕ್ಕ ಅಂದೇ ರಾತ್ರಿ ಊಟವಾದ ಮೇಲೆ ಕೊಟ್ಟಳು. ಆ ಊಟ ಊಟದ ಲೆಕ್ಕಕ್ಕೆ ಬರುವಂಥದ್ದಲ್ಲ ಎಂದು ಮಾತ್ರೆಗೇ ಗೊತ್ತಾಯಿತೋ ಏನೋ, ಹುಡುಗಿ ಎಲ್ಲವನ್ನೂ ಹೊರಗೆ ಹಾಕಿದಳು. ತಿಂದ ನಾಲ್ಕು ತುತ್ತೂ ಹೋಯಿತು. ಮರುದಿನವೂ ಅದೇ ಆಯಿತು.

ಮೂರನೆಯ ದಿನ ಟೀ ಅಕ್ಕ ತಾನೇ ಒಂದು ದಾರಿ ಕಂಡುಕೊಂಡಳು. ಸಂಜೆ ಕೆಲಸದಿಂದ ಬಂದವಳು ನನ್ನ ಮೇಜಿನ ಮೇಲೆ ಫ್ಲಾಸ್ಕ್ ಇಟ್ಟು, ಮಗಳಿಗೆ ಲೋಟದ ತುಂಬ ಟೀ ಬಗ್ಗಿಸಿ, ಅದರ ಜೊತೆಗೆ ಮಾತ್ರೆ ನುಂಗಿಸಿದಳು. ಹೊಟ್ಟೆ ತುಂಬಿತು, ವಾಂತಿ ಬರಲಿಲ್ಲ. ಆ ಮನೆಯಲ್ಲಿ ಹೊಟ್ಟೆ ತುಂಬುವಷ್ಟು ಇದ್ದದ್ದು ಅದೊಂದೇ.

"ನೋಡಿದ್ರಾ ಅಕ್ಕ, ನಿಂತುಬಿಡ್ತು" ಎಂದು ಮುಖ ಅರಳಿಸಿದಳು.

"ನೀನೇ ಡಾಕ್ಟರಾಗಬೇಕಿತ್ತು ಬಿಡು" ಎಂದೆ ನಾನು.

ಅಂದಿನಿಂದ ಅದು ದಿನಚರಿಯಾಯಿತು. ಮಗಳ ಟೀ ಗಟ್ಟಿಯಾಗಿರಲಿ ಎಂದು ಆಫೀಸಿನ ಕೊನೆಯ ಸುತ್ತಿನಲ್ಲಿ ಒಂದು ಚಮಚ ಟೀ ಸೊಪ್ಪು ಜಾಸ್ತಿ ಹಾಕಿ ಕುದಿಸತೊಡಗಿದಳು. ಹಾಲೂ ಇನ್ನಷ್ಟು ಜಾರಿತು. ಆಫೀಸಿನವರು ಟೀ ಈಗ ಚೆನ್ನಾಗಿದೆ ಎಂದು ಹೊಗಳಿದರಂತೆ. ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಹುಡುಗಿ ಅಂಗೈ ಬೆಚ್ಚಗೆ ಮಾಡಿಕೊಳ್ಳುತ್ತ, ಟೀ ಕುಡಿಯುತ್ತ, ಹಾಸ್ಟೆಲ್ಲಿನಲ್ಲಿ ಮಂಚ ಇರುತ್ತದಾ, ಪಕ್ಕದಲ್ಲಿ ಕಿಟಕಿ ಇರುತ್ತದಾ ಎಂದೆಲ್ಲ ಕೇಳುತ್ತಿದ್ದಳು. ನಾನು ಯಾವ ಹಾಸ್ಟೆಲ್ ನೋಡಿದ್ದೆ? ಇರುತ್ತೆ ಕಣೇ, ಎಲ್ಲ ಇರುತ್ತೆ ಎನ್ನುತ್ತಿದ್ದೆ.

ಮೂರು ತಿಂಗಳು ಕಳೆದು ಮತ್ತೆ ರಕ್ತ ಕೊಡುವ ದಿನ ಟೀ ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು. ಒಬ್ಬಳೇ ಹೋಗಲು ಎದೆ ಹೊಡೆದುಕೊಳ್ಳುತ್ತದೆ ಎಂದಳು. ಬೆಂಚಿನ ಮೇಲೆ ಮೂವರೂ ಕೂತೆವು. ನರ್ಸಮ್ಮ ಚೀಟಿ ನೋಡಿ ಹುಬ್ಬು ಗಂಟಿಕ್ಕಿದಳು. ಎಂಟೂವರೆ.

"ಮಾತ್ರೆ ಸರಿಯಾಗಿ ತಗೊಂಡಿಲ್ಲ ಇವಳು."

"ಅಯ್ಯೋ, ನನ್ನ ಕೈಯಾರೆ ನುಂಗಿಸಿದ್ದೀನಿ ನರ್ಸಮ್ಮ. ಈ ಅಕ್ಕನ್ನ ಕೇಳಿ ಬೇಕಾದ್ರೆ."

"ಹೌದು, ನನ್ನ ಕಣ್ಣೆದುರಿಗೇ" ಎಂದೆ.

"ಯಾವುದರ ಜೊತೆ ಕೊಟ್ರಿ?"

"ಟೀ ಜೊತೆ. ಗಟ್ಟಿ ಟೀ. ಹಾಲು ಸಕ್ಕರೆ ಎಲ್ಲ ಹಾಕಿದ್ದು" ಎಂದಳು ಟೀ ಅಕ್ಕ. ಆಗಲೂ ಅವಳ ದನಿಯಲ್ಲಿ ಒಂದಿಷ್ಟು ಜಂಬವಿತ್ತು.

ನರ್ಸಮ್ಮ ಪೆನ್ನು ಕೆಳಗಿಟ್ಟಳು. ಬಯ್ಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು. ಟೀ ಜೊತೆ ಕೊಟ್ಟರೆ ಮಾತ್ರೆಯಲ್ಲಿರುವ ಕಬ್ಬಿಣ ಮೈಗೆ ಹತ್ತುವುದಿಲ್ಲ, ಬಹುಪಾಲು ಹಾಗೇ ಹೊರಗೆ ಹೋಗಿಬಿಡುತ್ತದೆ, ಟೀ ಗಟ್ಟಿಯಾದಷ್ಟೂ ತೊಂದರೆ ಜಾಸ್ತಿ ಎಂದು ಮೆಲ್ಲಗೆ ತಿಳಿಸಿ ಹೇಳಿದಳು. ಗಂಜಿಪುಡಿ ತಿನ್ನುವ ಚಪಲವೂ ರಕ್ತ ಕಡಿಮೆ ಇದ್ದವರಿಗೆ ಬರುವಂಥದ್ದಂತೆ. ಟೀ ಕೂಡದು ಎಂದು ಮೊದಲೇ ಹೇಳಬೇಕಿತ್ತು, ಟೀ ಊಟದ ಜಾಗದಲ್ಲಿ ಇರುತ್ತದೆಂದು ತನಗೆ ಹೊಳೆಯಲಿಲ್ಲ ಎಂದೂ ಅಂದಳು. "ಇನ್ನು ಮೇಲೆ ಸಂಜೆ ಟೀ ಬಿಡಿಸಿ. ರಾತ್ರಿ ಹೊಟ್ಟೆ ತುಂಬ ಊಟ ಮಾಡಿಸಿ ಮಾತ್ರೆ ಕೊಡಿ. ಬೇಳೆ, ಸೊಪ್ಪು, ಮೊಟ್ಟೆ ಇರಲಿ. ನಿಂಬೆಹಣ್ಣು ಹಿಂಡಿ ಕೊಡಿ."

ಟೀ ಅಕ್ಕ ಪ್ರತಿ ಮಾತಿಗೂ ಹೂಂ ಎಂದಳು. ಹೊರಗೆ ಬಂದ ಮೇಲೆ ಆಸ್ಪತ್ರೆಯ ಕಾಂಪೌಂಡ್ ಗೋಡೆಗೆ ಒರಗಿ ನಿಂತಳು. "ನಾನೇ ಟೀ ಸೊಪ್ಪು ಜಾಸ್ತಿ ಹಾಕಿ ಕುದಿಸ್ತಿದ್ದೆ ಅಕ್ಕ. ನಾನೇ" ಎಂದಳು. ಹುಡುಗಿ ಅಮ್ಮನ ಸೆರಗು ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತಿದ್ದಳು.

ಡ್ರಿಲ್ ಮೇಷ್ಟ್ರು ಹಾಸ್ಟೆಲ್ಲಿನವರ ಕೈಕಾಲು ಹಿಡಿದು ಇನ್ನೂ ಸ್ವಲ್ಪ ಗಡುವು ತಂದರು. ಎರಡು ತಿಂಗಳು, ಆಮೇಲೆ ಸೀಟು ಬೇರೆಯವರಿಗೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಹೋದರೆ ಈಗ, ಇಲ್ಲವಾದರೆ ಇಲ್ಲ.

ಟೀ ಅಕ್ಕ ಫ್ಲಾಸ್ಕ್ ತರುವುದನ್ನೇ ನಿಲ್ಲಿಸಿದಳು. ಕಣ್ಣ ಮುಂದಿದ್ದರೆ ತಾನೆ ಬೇಕು ಎನಿಸುವುದು ಎಂದಳು. ಆದರೆ ಹಸಿವಿಗೆ ಫ್ಲಾಸ್ಕ್ ಕಾಣಬೇಕಾಗಿಲ್ಲವಲ್ಲ. ಸಂಜೆಯಾದರೆ ಪುಟ್ಟ ರಚ್ಚೆ ಹಿಡಿಯುತ್ತಿದ್ದ. ಅವಳ ಗಂಡ ಕೆಲಸದಿಂದ ಬಂದವನು ಲೋಟಕ್ಕೆ ಕೈ ಚಾಚಿ, ನೆನಪಾಗಿ, ನೀರು ಕುಡಿದು ಮಲಗುತ್ತಿದ್ದ. ಇಷ್ಟು ದಿನ ಆ ಮನೆಯ ಅರ್ಧ ಹಸಿವನ್ನು ಆ ಟೀ ಹೊತ್ತುಕೊಂಡಿತ್ತು. ಅದು ಹೋದದ್ದೇ ರಾತ್ರಿಯ ಅನ್ನಕ್ಕೆ ಎಲ್ಲರ ಹೊಟ್ಟೆಯೂ ಹೆಚ್ಚು ಬಾಯಿ ತೆರೆಯಿತು. ಮಗಳ ಹೊಟ್ಟೆ ತುಂಬಿಸುವುದು ಎಲ್ಲಿಂದ?

ಅವಳು ತನ್ನ ಪಾಲನ್ನು ಮಗಳ ತಟ್ಟೆಗೆ ಹಾಕತೊಡಗಿದಳು. ನಾನೂ ಆದಾಗ ಮೊಟ್ಟೆ ಕಳಿಸಿದೆ, ನಿಂಬೆಹಣ್ಣು ಕಳಿಸಿದೆ. ಹುಡುಗಿಗೆ ಮಾತ್ರೆ ದಕ್ಕಿತು. ಕೆಲವು ವಾರಕ್ಕೆ ಕೆನ್ನೆಯಲ್ಲಿ ಚೂರು ಬಣ್ಣ ಕಂಡಂತಾಯಿತು. ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತಿದ ದಿನ, ಮೇಲಿನಿಂದ "ದೊಡ್ಡಮ್ಮ, ನೋಡಿದ್ರಾ?" ಎಂದು ಕೂಗಿದಳು. ನನಗೆ ಕಣ್ಣಲ್ಲಿ ನೀರು ಬಂದು, ಯಾರದೋ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು ಇಟ್ಟುಬಿಟ್ಟಿದ್ದೆ.

ಅಮ್ಮ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದಳು. "ಆಫೀಸಲ್ಲಿ ತಿಂತೀನಿ ಅಕ್ಕ" ಎಂದಳು. ಆಫೀಸಿನಲ್ಲಿ ಏನು ಸಿಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ಅವಳೂ ಅಲ್ಲಿ ಟೀ ಕುಡಿದೇ ದಿನ ತಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನಾಲ್ಕನೆಯ ಅಂತಸ್ತಿನಲ್ಲಿ ಕಣ್ಣು ಕತ್ತಲೆಗಟ್ಟಿ, ತುಂಬಿದ ತಟ್ಟೆ ಸಮೇತ ಬಿದ್ದಳು. ಬಿಸಿ ಟೀ ಒಬ್ಬರ ತೊಡೆಯ ಮೇಲೆ ಚೆಲ್ಲಿತು. ಅವರು ದೊಡ್ಡ ಹುದ್ದೆಯವರಂತೆ. ಒಳ್ಳೆಯ ಮನುಷ್ಯನಾದ ಅದೇ ಸೂಪರ್‌ವೈಸರ್, ಇನ್ನೊಂದು ಸಲ ಹೀಗಾದರೆ ತನ್ನ ಕೈಯಲ್ಲೂ ಏನೂ ಆಗುವುದಿಲ್ಲ, ಬೇರೆಯವರನ್ನು ಇಟ್ಟುಕೊಳ್ಳಬೇಕಾಗುತ್ತದೆ ಎಂದು ಹೇಳಿ ಕಳಿಸಿದರು.

ಅಂದು ಅವಳ ಗಂಡ ಮೆಟ್ಟಿಲ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದ. "ನನ್ನ ಪಾಲು ಕೊಡ್ತೀನಿ ಅಂದ್ರೆ ಇವಳು ಕೇಳಲ್ಲ ಇಸ್ತ್ರಿ ಅಕ್ಕ. ಹಲಗೆ ಮೇಲೆ ನಿಲ್ಲೋನು ನೀನು ಅಂತಾಳೆ. ಅವಳು ಹೇಳೋದೂ ಸರಿಯೇ. ನಾನು ಬಿದ್ರೆ ನಾಲ್ಕೂ ಜನ ಬಿದ್ದ ಹಾಗೇ" ಎಂದ. ಹುಡುಗಿ ಅವನ ಹಿಂದಿನ ಮೆಟ್ಟಿಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮರುದಿನ ಸಂಜೆ ಟೀ ಅಕ್ಕನ ಕೈಯಲ್ಲಿ ಫ್ಲಾಸ್ಕ್ ಮತ್ತೆ ಬಂತು. ಪುಟ್ಟ ಕುಣಿದುಬಿಟ್ಟ. ಚಿಗರೆ ನನ್ನ ಮೇಜಿನ ಹತ್ತಿರ ನಿಂತಿದ್ದಳು.

"ಟೀ ಅವನಿಗೆ, ಅಪ್ಪನಿಗೆ" ಎಂದಳು ಟೀ ಅಕ್ಕ, ಮಗಳ ಮುಖ ನೋಡದೆ. "ನಿಂಗೆ ರಾತ್ರಿ ಊಟ, ಆಮೇಲೆ ಮಾತ್ರೆ. ಇನ್ನೆಷ್ಟು ದಿನ, ತಡ್ಕೋ ಪುಟ್ಟಿ."

"ಬೇಡಮ್ಮ."

"ಏನು ಬೇಡ?"

"ಮಾತ್ರೆ ಬೇಡ. ನಂಗೂ ಟೀ ಕೊಡು."

"ಹಾಸ್ಟೆಲ್‌ಗೆ ಹೋಗಬೇಡ್ವಾ? ಈಗ ತಾನೆ ಮೈಗೆ ಹತ್ತುತಾ ಇದೆ."

ಹುಡುಗಿ ಅಳಲಿಲ್ಲ, ರಂಪ ಮಾಡಲಿಲ್ಲ. ದೊಡ್ಡವರು ಚಿಕ್ಕವರಿಗೆ ಬಿಡಿಸಿ ಹೇಳುವ ಹಾಗೆ ಹೇಳಿದಳು. "ನಿನ್ನ ಊಟ ನಾನು ಮಾಡಿದ್ರೆ ನೀನು ಮತ್ತೆ ತಟ್ಟೆ ಬೀಳಿಸ್ತೀಯ. ಆಮೇಲೆ ನಿನ್ನ ಕೆಲಸಾನೂ ಇರಲ್ಲ, ಈ ಟೀನೂ ಇರಲ್ಲ. ಪುಟ್ಟ ಏನು ಮಾಡ್ತಾನೆ? ನಾನು ಟೀ ಕುಡಿದ್ರೆ ರಾತ್ರಿ ಅಷ್ಟು ಹಸಿವಾಗಲ್ಲ. ನೀನು ಊಟ ಮಾಡು."

ಟೀ ಅಕ್ಕ ನನ್ನ ಕಡೆ ತಿರುಗಿದಳು. ನೀವಾದರೂ ಬುದ್ಧಿ ಹೇಳಿ ಎಂದು ಆ ಕಣ್ಣುಗಳು ಬೇಡುತ್ತಿದ್ದವು. ಎಲ್ಲರ ಮನೆಯ ವಿಷಯಕ್ಕೂ ಮೂಗು ತೂರಿಸುವ ನಾನು ಹುಡುಗಿಯ ಲೆಕ್ಕದಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ದುಃಖವೂ ಬಂತು, ಸಿಟ್ಟೂ ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಮುಂದಿದ್ದ ಬಟ್ಟೆಯನ್ನು ಒತ್ತಿ ಒತ್ತಿ ತಿಕ್ಕಿದೆ.

ಮೂವರೂ ಮೇಲೆ ಹೋದರು. ಚಿಗರೆ ನಡುವೆ ನಿಲ್ಲದೆ ಹತ್ತಿದಳು. ಇನ್ನೆಷ್ಟು ದಿನ ಹಾಗೆ ಹತ್ತುತ್ತಾಳೋ ಎಂದುಕೊಂಡೆ. ಇಸ್ತ್ರಿಯಾದ ಬಟ್ಟೆಗಳನ್ನು ಒಳಗಿಡಲು ನಾನೂ ನನ್ನ ಕೋಣೆಗೆ ಹೋದೆ. ಪ್ಲೈವುಡ್ಡಿನ ಆಚೆ ಲೋಟಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟ ಸದ್ದು ಕೇಳಿತು. ಆಮೇಲೆ ಟೀ ಅಕ್ಕನ ದನಿ ಬಂತು. ಅಂದು ಅದು ನನಗಾಗಿ ಏರಿದ ದನಿಯಾಗಿರಲಿಲ್ಲ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟಿತ್ತು.

"ಸಾಕಾ? ಇನ್ನೊಂಚೂರು ಹಾಕ್ಲಾ?"

"ಹಾಕಮ್ಮ" ಎಂದಳು ಹುಡುಗಿ.